ಹೊಸ ಚಾಕು: ಕೆಲಸದವರ ಕೈಗೆ ಕೊಡುವ ಮುನ್ನ

ಮುಂಗಾರಿಗೆ ಮೊದಲು ನಮ್ಮ ತೋಟಗಾರರು ಕೊಳ್ಳುವ ಸಾಮಾನಿನ ಪಟ್ಟಿಯಲ್ಲಿ ಮೈಲುತುತ್ತ, ಸುಣ್ಣ, ರಾಳ, ಹಗ್ಗಗಳ ಜೊತೆಗೆ ಒಂದೆರಡು ಮಡಚುವ ಚಾಕುಗಳೂ ಇರುವುದು ವಾಡಿಕೆ. ಮೈಲುತುತ್ತದ ಬೆಲೆಯನ್ನು ಕುರಿತು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಚಾಕುವಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ತಂದದ್ದನ್ನು ಪೊಟ್ಟಣ ಹರಿದು ಹಾಗೆಯೇ ಕೆಲಸದವರ ಕೈಗೆ ಕೊಟ್ಟುಬಿಡುತ್ತೇವೆ. ನಾಲ್ಕು ದಿನ ಕಳೆಯುವುದರೊಳಗೆ "ಇದು ಬಿಚ್ಚುವುದಕ್ಕೇ ಬರುವುದಿಲ್ಲ, ಅಯ್ಯಾ" ಎಂದು ಅದು ವಾಪಸು ಬರುತ್ತದೆ. ಕೆಲವು ಸಲ ವಾಪಸು ಬರುವುದೂ ಇಲ್ಲ. ಎಲ್ಲೋ ಗಿಡದ ಬುಡದಲ್ಲಿ ಬಿದ್ದು ತುಕ್ಕು ಹಿಡಿಯುತ್ತದೆ.

ಹೊಸ ಚಾಕು ಬಿಗಿಯಾಗಿರುವುದು ಸಹಜ. ಅಂಥ ಚಾಕುವನ್ನು ಕಳಪೆ ಮಾಲೆಂದು ಅಂಗಡಿಯವರ ಮೇಲೆ ಹರಿಹಾಯುವುದು ಸರಿಯಲ್ಲ. ಆದರೆ ಅದನ್ನು ಪಳಗಿಸದೆ ಇನ್ನೊಬ್ಬರ ಕೈಗೆ ಕೊಡುವುದು ಮಾತ್ರ ಖಂಡಿತ ತಪ್ಪು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ಬಹಳ ಸರಳ. ಬಿಚ್ಚಲು ಕಷ್ಟವಾದ ಚಾಕುವನ್ನು ಕೆಲಸದ ನಡುವೆ ಯಾರೂ ಮಡಚುವುದಿಲ್ಲ. ಒದ್ದೆ ಕೈ, ಕೆಸರು ಕೈ, ಉಗುರು ಸವೆದ ಕೈ. ಒಂದು ಸಲ ಹರಸಾಹಸ ಮಾಡಿ ಬಿಚ್ಚಿದ ಮೇಲೆ ಅದು ಸಂಜೆಯವರೆಗೂ ಬಿಚ್ಚಿಯೇ ಇರುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಚಾಕು, ಬುಟ್ಟಿಯ ಅಂಚಿಗೆ ಚುಚ್ಚಿಟ್ಟ ಚಾಕು, ಮೆಣಸಿನ ಬಳ್ಳಿ ಕಟ್ಟುವಾಗ ಬಾಯಲ್ಲಿ ಕಚ್ಚಿ ಹಿಡಿದ ಚಾಕು, ಇವನ್ನೆಲ್ಲ ನಾವು ದಿನವೂ ನೋಡುತ್ತೇವೆ. ಮಳೆಯಲ್ಲಿ ಧರೆ ಹತ್ತುವಾಗ ಕಾಲು ಜಾರಿದರೆ ಆ ಅಲಗು ಎಲ್ಲಿ ಹೋಗಿ ನಾಟೀತು ಎಂದು ಯೋಚಿಸುವುದಿಲ್ಲ. ಹಲ್ಲಿನಿಂದ ಅಲಗು ಎಳೆದು ಬಿಚ್ಚುವವರೂ ಉಂಟು. ಅದನ್ನು ನೋಡಿ ನಗುವ ಯಜಮಾನರೂ ಉಂಟು.

ಇದರ ಎದುರಿನ ಅಪಾಯವೂ ಇದೆ. ಬಿಗಿ ಚಾಕುವನ್ನು ಸುತ್ತಿಗೆಯಿಂದ ಬಡಿದು, ಅರ ಹಾಕಿ ತಿಕ್ಕಿ, ಪೂರ್ತಿ ಸಡಿಲ ಮಾಡಿಕೊಂಡವರಿದ್ದಾರೆ. ಅಂಥ ಚಾಕುವನ್ನು ಸ್ವಲ್ಪ ಒತ್ತಿ ಕೊಯ್ದರೆ ಅಲಗು ತಿರುಗಿ ಬಂದು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಹಾಗಾಗಿ ಚಾಕುವನ್ನು ಪಳಗಿಸುವುದೆಂದರೆ ಸಡಿಲ ಮಾಡುವುದಲ್ಲ. ಒದ್ದೆ ಕೈಯಲ್ಲೂ ಬಿಚ್ಚಲು ಬರಬೇಕು, ತಾನಾಗಿ ಮಡಚಬಾರದು, ಅಷ್ಟರ ಮಟ್ಟಿಗೆ ಹದಕ್ಕೆ ತರುವುದು.

ಮೊದಲು ಬಿಗಿ ಎಲ್ಲಿದೆ ಎಂದು ತಿಳಿಯಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಾಕುವಿನಲ್ಲಿ ಅಲಗು, ಹಿಡಿ, ಇವೆರಡನ್ನೂ ಸೇರಿಸುವ ಕೀಲು, ಹಿಡಿಯ ಬೆನ್ನಿನಲ್ಲಿ ಒಂದು ಉಕ್ಕಿನ ಸ್ಪ್ರಿಂಗು, ಇಷ್ಟೇ ಇರುತ್ತದೆ. ಅಲಗಿನ ಬುಡ ಆ ಸ್ಪ್ರಿಂಗನ್ನು ಮೇಲಕ್ಕೆತ್ತುತ್ತ ತಿರುಗುತ್ತದೆ. ಪೂರ್ತಿ ಬಿಚ್ಚಿದಾಗ ಮತ್ತು ಪೂರ್ತಿ ಮಡಚಿದಾಗ ಸ್ಪ್ರಿಂಗು ತನ್ನ ಜಾಗಕ್ಕೆ ಕೂತು ಅಲಗನ್ನು ತಡೆದು ಹಿಡಿಯುತ್ತದೆ. ಚಾಕುವನ್ನು ನಿಧಾನವಾಗಿ ಬಿಚ್ಚಿ ನೋಡಿ. ಆರಂಭದಲ್ಲಿಯೂ ಕೊನೆಯಲ್ಲಿಯೂ ಬಿಗಿ, ನಡುವೆ ಹಗುರ ಎಂದಾದರೆ ಅದು ಸ್ಪ್ರಿಂಗಿನ ಬಿಗಿ. ಇದನ್ನು ಮುಟ್ಟಲು ಹೋಗಬೇಡಿ. ನಿಮ್ಮ ಬೆರಳನ್ನು ಕಾಯುವುದು ಅದೇ. ಎಣ್ಣೆ ಬಿಟ್ಟು ಬಳಸುತ್ತ ಹೋದರೆ ಉಕ್ಕಿಗೆ ಉಕ್ಕು ಉಜ್ಜಿ ನಯವಾಗುತ್ತದೆ, ಅಷ್ಟು ಸಾಕು. ಅಲಗಿನ ಬುಡವನ್ನು ಅರ ಹಾಕಿ ತಿಕ್ಕಿದರೆ ಅಲಗು ಕೂರುವ ಜಾಗವೇ ಬದಲಾಗಿ, ಮಡಚಿದಾಗ ಅದರ ಬಾಯಿ ಒಳಗಿನ ಸ್ಪ್ರಿಂಗಿಗೆ ತಗುಲಿ ಮೊಂಡಾಗುತ್ತದೆ.

ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಬಿಗಿ ಇದ್ದರೆ ಕೀಲಿನ ಎರಡು ಪಕ್ಕದ ತಗಡುಗಳು ಅಲಗನ್ನು ಒತ್ತಿ ಹಿಡಿದಿವೆ ಎಂದರ್ಥ, ಇಲ್ಲವೆ ಕೀಲಿನಲ್ಲಿ ಕೊಳೆ ತುಂಬಿದೆ. ಕರಕರ ಎಂದರೆ ಮರಳಿನ ಕಣವೋ ತುಕ್ಕೋ ಇದೆ. ಹೆಚ್ಚಿನ ಹೊಸ ಚಾಕುಗಳಲ್ಲಿ ಇರುವುದು ಕೊಳೆಯೇ. ಕಾರ್ಖಾನೆಯಲ್ಲಿ ಅಲಗಿಗೆ ಹೊಳಪು ಕೊಡುವಾಗ ಬಳಸಿದ ಮಸಾಲೆ, ಉಕ್ಕಿನ ಪುಡಿ, ಮೇಲೆ ಹಚ್ಚಿದ ಗ್ರೀಸು, ಎಲ್ಲ ಸೇರಿ ಕೀಲಿನಲ್ಲಿ ಒಣಗಿ ಕೂತಿರುತ್ತವೆ.

ಆದ್ದರಿಂದ ಮೊದಲ ಚಿಕಿತ್ಸೆ ಸ್ನಾನ. ಹಿಡಿ ಮರದ್ದಲ್ಲವಾದರೆ ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಇಪ್ಪತ್ತು ಮೂವತ್ತು ಸಲ ಬಿಚ್ಚಿ ಮಡಚಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಸಂದು, ಹಿಡಿಯ ಒಳಗಾಲುವೆ ತಿಕ್ಕಬೇಕು. ನೀರು ಕಪ್ಪಾಗುವುದನ್ನು ನೋಡಿದರೆ ಬಿಗಿಯ ಕಾರಣ ಅರ್ಧ ಅಲ್ಲಿಯೇ ತಿಳಿಯುತ್ತದೆ. ಆಮೇಲೆ ಒರೆಸಿ ಬಿಸಿಲಿಗಿಟ್ಟು ಪೂರ್ತಿ ಒಣಗಿಸಬೇಕು. ಗ್ರೀಸು ಅಷ್ಟಕ್ಕೂ ಬಿಡದಿದ್ದರೆ ಸೀಮೆಎಣ್ಣೆಯ ಎರಡು ಹನಿ ಬಿಟ್ಟು ಮತ್ತೆ ಆಡಿಸಿ ಒರೆಸಬೇಕು. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ. ಪೆಯಿಂಟ್ ಅಂಗಡಿಯ ಟರ್ಪೆಂಟೈನ್ ಕೂಡ ಆಗುತ್ತದೆ. ಒಲೆಯ ಹತ್ತಿರ ಮಾತ್ರ ಈ ಕೆಲಸ ಬೇಡ.

ಎಣ್ಣೆಯ ವಿಚಾರದಲ್ಲಿ ನಮ್ಮವರದು ಒಂದು ಹಟ. ಮನೆಯಲ್ಲಿ ತೆಂಗಿನೆಣ್ಣೆ ಇರುವಾಗ ಬೇರೆ ಯಾಕೆ ಎನ್ನುತ್ತಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದು ಪುಷ್ಯದ ಚಳಿಯಲ್ಲಿ ಎಣ್ಣೆ ಬಾಟಲಿಯನ್ನು ಒಲೆಯ ಬಳಿ ಇಡುವ ಪ್ರತಿ ಮನೆಯವರಿಗೂ ಗೊತ್ತು. ಬೆಳಗಿನ ಹೊತ್ತು ಚಾಕುವಿನ ಕೀಲಿನಲ್ಲಿ ಆಗುವುದೂ ಅದೇ. ದಿನ ಕಳೆದಂತೆ ಅದು ಧೂಳು ಕೂಡಿಸಿಕೊಂಡು ಅಂಟಾಗುತ್ತದೆ. ಹಲಸಿನ ಮೇಣ ಬಿಡಿಸಲು ತೆಂಗಿನೆಣ್ಣೆಗೆ ಸಮಾನವಾದದ್ದಿಲ್ಲ, ಆ ಕೆಲಸಕ್ಕೆ ಬಳಸಿ ಒರೆಸಿಬಿಡಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯೇ ಸರಿ. ಪಕ್ಕಕ್ಕೊಂದು ಹನಿ, ಅಲಗಿನ ಬುಡಕ್ಕೂ ಸ್ಪ್ರಿಂಗಿಗೂ ನಡುವೆ ಒಂದು ಹನಿ. ಮೋಟಾರು, ಟಿಲ್ಲರುಗಳಿಂದ ಇಳಿಸಿದ ಹಳೆಯ ಆಯಿಲ್ ಹಾಕುವವರಿಗೆ ಒಂದು ಮಾತು: ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ತೊಳೆದು ತೆಗೆದ ಕೊಳೆಯನ್ನೇ ಮತ್ತೆ ತುಂಬಿದಂತಾಗುತ್ತದೆ.

ಇನ್ನು ಆಡಿಸುವುದು. ಅಲಗಿನ ಬಾಯಿಗೆ ವೈರಿಂಗಿನ ಕಪ್ಪು ಟೇಪು ಉದ್ದಕ್ಕೆ ಒಂದು ಸುತ್ತು ಅಂಟಿಸಿಕೊಂಡು ದಿನಕ್ಕೆ ಐವತ್ತು ಸಲ ಬಿಚ್ಚಿ ಮಡಚಿದರೆ ಸಾಕು. ಮಡಚುವಾಗ ಅಲಗಿನ ಬೆನ್ನನ್ನು ಅಂಗೈಯಿಂದ ಒತ್ತಬೇಕು, ಹಿಡಿಯ ಕಾಲುವೆಯ ಮೇಲೆ ಬೆರಳು ಇರಬಾರದು. ಒಂದು ಸರದಿ ಮುಗಿದ ಮೇಲೆ ಕೀಲಿನಿಂದ ಜಿನುಗುವ ಎಣ್ಣೆ ಕಪ್ಪಾಗಿರುತ್ತದೆ. ಅದನ್ನು ಒರೆಸಿ ಹೊಸ ಹನಿ ಬಿಡಬೇಕು. ಎಣ್ಣೆ ಬಿಳುಪಾಗಿ ಬರತೊಡಗಿದ ದಿನ ಚಾಕು ಹದಕ್ಕೆ ಬಂತೆಂದು ತಿಳಿಯಬಹುದು. ಕೆಲವಕ್ಕೆ ಎರಡು ದಿನ, ಕೆಲವಕ್ಕೆ ಒಂದು ವಾರ. ಸಾಣೆ ಹಿಡಿಯುವ ಕೆಲಸವನ್ನು ಇದೆಲ್ಲ ಮುಗಿದ ಮೇಲೆ ಇಟ್ಟುಕೊಳ್ಳಿ. ಬಿಗಿ ಚಾಕುವನ್ನು ಮೊದಲೇ ಹರಿತ ಮಾಡಿಕೊಂಡು ಆಮೇಲೆ ಪಳಗಿಸಲು ಕೂರುವುದು ವಿವೇಕವಲ್ಲ.

ಇಷ್ಟಾದರೂ ಬಿಗಿ ಉಳಿದರೆ ಮಾತ್ರ ಕೀಲಿಗೆ ಕೈ ಹಾಕಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಅಗ್ಗದ ಚಾಕುಗಳ ಕೀಲು ರಿವೆಟ್ ಮೊಳೆಯದು. ಮೊಳೆಯ ಎರಡು ತಲೆಗಳನ್ನೂ ಕುಟ್ಟಿ ಹರವಿರುತ್ತಾರೆ. ಕುಟ್ಟಿದ್ದು ಹೆಚ್ಚಾದರೆ ತಗಡುಗಳು ಅಲಗನ್ನು ಹಿಸುಕುತ್ತವೆ. ಇದನ್ನು ಸಡಿಲಿಸಲು ಅಲಗನ್ನು ಅರ್ಧ ಬಿಚ್ಚಿ, ಹಿಡಿಯನ್ನು ಎಡಗೈಯಲ್ಲಿ ಬಿಗಿ ಹಿಡಿದು, ಟೇಪು ಸುತ್ತಿದ ಅಲಗನ್ನು ಬುಡದ ಹತ್ತಿರ ಹಿಡಿದುಕೊಂಡು ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಬೇಕು. ನಾಲ್ಕಾರು ಸಲ ಒತ್ತಿ, ಎಣ್ಣೆ ಬಿಟ್ಟು, ಆಡಿಸಿ ನೋಡಬೇಕು. ತುದಿ ಹಿಡಿದು ಒತ್ತಿದರೆ ಅಲಗು ಮುರಿಯುತ್ತದೆ. ಮೊಳೆಯ ತಲೆಯ ಮೇಲೆ ಸುತ್ತಿಗೆ ಬೀಸಿದರೆ ಬಿಗಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಂದರೆ ಸುತ್ತಿಗೆ ಬೇಕಾಗುವುದು ಸಡಿಲವಾದ ಹಳೆಯ ಚಾಕುವಿಗೆ. ಮೊಳೆಯ ಒಂದು ತಲೆಯನ್ನು ಅಡಿಗಲ್ಲಿನ ಮೇಲೆ ಸರಿಯಾಗಿ ಕೂರಿಸಿ, ಇನ್ನೊಂದು ತಲೆಯ ಅಂಚಿಗೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಒಂದು ಪೆಟ್ಟು, ಒಂದು ಪರೀಕ್ಷೆ. ಮೂರು ಪೆಟ್ಟು ಒಟ್ಟಿಗೆ ಹೊಡೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾದೀತು.

ಈಚೆಗೆ ಬರುತ್ತಿರುವ ಚಾಕುಗಳಲ್ಲಿ ರಿವೆಟ್ಟಿನ ಬದಲು ಸ್ಕ್ರೂ ಇರುತ್ತದೆ. ನೋಡಲು ಸುಲಭ, ಆದರೆ ಹಾಳು ಮಾಡಿಕೊಳ್ಳುವುದೂ ಅಷ್ಟೇ ಸುಲಭ. ಅದರ ತಲೆಯಲ್ಲಿ ನಕ್ಷತ್ರದಂತಹ ಆರು ಮೂಲೆಯ ಗುಳಿ ಇರುತ್ತದೆ. ಮನೆಯಲ್ಲಿರುವ ಚಪ್ಪಟೆ ಸ್ಕ್ರೂಡ್ರೈವರನ್ನು ಅದಕ್ಕೆ ತುರುಕಿದರೆ ಮೂಲೆ ಸವೆದು ಆ ಸ್ಕ್ರೂ ಮತ್ತೆ ತಿರುಗುವುದಿಲ್ಲ. ತಕ್ಕ ಅಳತೆಯ ಕೀಲಿಯೇ ಬೇಕು. ಹಲವು ಕಂಪೆನಿಗಳು ಸ್ಕ್ರೂ ಅದುರಿ ಬಿಚ್ಚದಿರಲೆಂದು ಅಂಟು ಹಾಕಿರುತ್ತಾರೆ. ಅಂಥದ್ದು ಸುಲಭಕ್ಕೆ ಬಾರದಿದ್ದರೆ ಬಲ ಹಾಕಬೇಡಿ; ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯನ್ನು ಸ್ಕ್ರೂವಿನ ತಲೆಗೆ ಸ್ವಲ್ಪ ಹೊತ್ತು ತಾಗಿಸಿದರೆ ಅಂಟು ಮೆತ್ತಗಾಗುತ್ತದೆ. ತಿರುಗಿಸಬೇಕಾದದ್ದು ಗಡಿಯಾರದ ಮುಳ್ಳು ಐದು ಹತ್ತು ನಿಮಿಷದಲ್ಲಿ ಸರಿಯುವಷ್ಟು ಮಾತ್ರ. ಮತ್ತೆ ಆಡಿಸಿ ನೋಡಿ, ಬೇಕೆಂದರೆ ಇನ್ನಷ್ಟು.

ಎಷ್ಟು ಸಡಿಲಿಸಿದರೆ ಸಾಕು ಎಂಬುದಕ್ಕೆ ಎರಡು ಪರೀಕ್ಷೆ ಹೇಳುತ್ತೇನೆ. ಪೂರ್ತಿ ಬಿಚ್ಚಿದ ಅಲಗನ್ನು ಪಕ್ಕಕ್ಕೆ ಒತ್ತಿದಾಗ ಕಟ್ ಕಟ್ ಎಂಬ ಅಲ್ಲಾಟ ಕೈಗೆ ತಾಗಬಾರದು. ಮಡಚಿದ ಚಾಕುವನ್ನು ತಲೆಕೆಳಗಾಗಿ ಹಿಡಿದು ಕುಲುಕಿದರೆ ಅಲಗು ಹೊರಗೆ ಇಣುಕಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಆ ಚಾಕು ಕೆಲಸಕ್ಕೆ ಲಾಯಕ್ಕಲ್ಲ.

ಬೇಗ ಸವೆಯಲೆಂದು ಕೀಲಿಗೆ ಹಲ್ಲುಪುಡಿ, ಟೂತ್‌ಪೇಸ್ಟು, ಗ್ಯಾರೇಜಿನ ವಾಲ್ವ್ ಉಜ್ಜುವ ಪೇಸ್ಟು ತುಂಬುವ ಉಪಾಯವನ್ನು ಜಾಣತನವೆಂದು ಹೇಳಿಕೊಡುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಪೇಸ್ಟು ಸವೆಯಬೇಕಾದ ಜಾಗವನ್ನಷ್ಟೇ ಸವೆಸುವುದಿಲ್ಲ, ಮೊಳೆಯ ತೂತನ್ನೂ ದೊಡ್ಡದು ಮಾಡುತ್ತದೆ. ಎಷ್ಟು ತೊಳೆದರೂ ಒಳಗೆ ಒಂದಿಷ್ಟು ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಒಂದು ವಾರದ ತಾಳ್ಮೆ ಇಲ್ಲದೆ ಹತ್ತು ವರ್ಷದ ಚಾಕುವನ್ನು ಕಳೆದುಕೊಳ್ಳುವ ದಾರಿ ಇದು.

ನಮ್ಮ ಸೀಮೆಗೆ ವಿಶೇಷವಾದ ತೊಂದರೆ ಮರದ ಹಿಡಿಯದ್ದು. ಬೇಸಿಗೆಯಲ್ಲಿ ಸಲೀಸಾಗಿದ್ದ ಚಾಕು ಆಷಾಢದಲ್ಲಿ ಬಿಚ್ಚಲೇ ಬರುವುದಿಲ್ಲ. ಮರ ನೀರು ಕುಡಿದು ಉಬ್ಬಿ ಅಲಗನ್ನು ಹಿಡಿದುಕೊಂಡಿರುತ್ತದೆ, ಮಳೆಗಾಲದಲ್ಲಿ ಮನೆಯ ಬಾಗಿಲು ಹಿಡಿದುಕೊಂಡ ಹಾಗೆ. ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬವರು ಮಾಡತೊಡಗಿದ ರೈತರ ಚಾಕು ಇಂದಿಗೂ ತಯಾರಾಗುತ್ತಿದೆ, ನಮ್ಮಲ್ಲೂ ಕೆಲವರು ತರಿಸಿಕೊಂಡಿದ್ದಾರೆ. ಅದರಲ್ಲಿ ಬೆನ್ನಿನ ಸ್ಪ್ರಿಂಗೇ ಇಲ್ಲ. ಮರದ ಹಿಡಿಯ ಸೀಳಿನಲ್ಲಿ ಅಲಗು ಬಿಗಿಯಾಗಿ ಕೂರುತ್ತದೆ. ಬಿಚ್ಚಿದ ಮೇಲೆ ಅಲಗು ಮಡಚದಂತೆ ತಿರುಗಿಸುವ ಒಂದು ಬಳೆಯನ್ನು 1955ರಲ್ಲಿ ಸೇರಿಸಿದರು. ಮರ ಉಬ್ಬಿ ಅಲಗು ಸಿಕ್ಕಿಕೊಂಡಾಗ ಅಲ್ಲಿಯವರು ಉಗುರು ಮುರಿದುಕೊಳ್ಳುವುದಿಲ್ಲ. ಬಳೆಯ ಬೀಗ ತೆಗೆದು, ಹಿಡಿಯ ಹಿಂದಿನ ತುದಿಯನ್ನು ಮೇಜಿಗೋ ಕಲ್ಲಿಗೋ ಕುಕ್ಕುತ್ತಾರೆ, ಅಲಗು ಒಂದಿಷ್ಟು ಹೊರಗೆ ಬರುತ್ತದೆ. ಆಮೇಲೆ ಬೆರಳಿನಿಂದ ಚಿವುಟಿ ಎಳೆಯುವುದು.

ನಮ್ಮ ಮಳೆಗೆ ಇಷ್ಟು ಸಾಲದು. ಮರದ ಹಿಡಿಯ ಚಾಕುವನ್ನು ಬೇಸಿಗೆಯಲ್ಲಿಯೇ ಸಿದ್ಧ ಮಾಡಿಕೊಳ್ಳಬೇಕು. ಚೆನ್ನಾಗಿ ಒಣಗಿದಾಗ ಸೀಳಿನ ಒಳಮೈಯನ್ನು ತೆಳು ರಟ್ಟಿಗೆ ಸುತ್ತಿದ ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಅಗಸೆ ಎಣ್ಣೆ ಹಚ್ಚಿ ಕೆಲವು ದಿನ ಒಣಗಲು ಬಿಟ್ಟು, ಮೇಲೆ ಜೇನುಮೇಣ ಕರಗಿಸಿ ಸವರಿದರೆ ನೀರು ಅಷ್ಟು ಬೇಗ ಒಳಗಿಳಿಯುವುದಿಲ್ಲ. ಉಬ್ಬಿರುವಾಗಲೇ ಉಜ್ಜಿ ಸಡಿಲ ಮಾಡಿದರೆ ಬೇಸಿಗೆಯಲ್ಲಿ ಅದು ಲಡಲಡ ಅಲ್ಲಾಡುತ್ತದೆ. ಮಳೆಗಾಲದಲ್ಲಿ ಉಬ್ಬಿದ್ದನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ಸಡಿಲವಾಗುತ್ತದೆ. ಬೆಂಕಿಯ ಎದುರಿಗೇ ಇಟ್ಟರೆ ಹಿಡಿ ಸೀಳುತ್ತದೆ.

ಒಳ್ಳೆಯ ಚಾಕು ಮತ್ತೆ ಬಿಗಿಯಾಗುವುದಕ್ಕೆ ನಾವೇ ಒದಗಿಸುವ ಕಾರಣಗಳನ್ನೂ ಹೇಳಬೇಕು. ಎಲೆಅಡಿಕೆಯ ಸಂಚಿಯಲ್ಲಿಯೇ ಚಾಕು ಇಡುವವರು ಬಹಳ. ಸುಣ್ಣ, ಹೊಗೆಸೊಪ್ಪಿನ ಪುಡಿ ಎಲ್ಲ ಕೀಲಿಗೆ ಇಳಿದು ಗಾರೆ ಹಾಕಿದಂತಾಗುತ್ತದೆ. ಬಾಳೆಯ ಸೊನೆ, ಅಡಿಕೆಯ ಚೊಗರು ಕಬ್ಬಿಣದ ಅಲಗನ್ನು ಕಪ್ಪು ಮಾಡುತ್ತವೆ. ಆ ಕಪ್ಪಿನಿಂದ ಕೆಡುಕೇನೂ ಇಲ್ಲ, ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುವ ಅಗತ್ಯವಿಲ್ಲ. ಒಣಗಿದ ಸೊನೆ ಕೀಲಿನಲ್ಲಿ ಉಳಿಯಬಾರದು, ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದ ಕಾಲದಿಂದ ಈ ದ್ರಾವಣ ನಮ್ಮ ತೋಟಗಳ ಸಂಗಾತಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಯಿತೇ ಎಂದು ನೋಡಲು ಚಾಕು ಅದ್ದುವುದು ಎಲ್ಲರಿಗೂ ತಿಳಿದ ಪರೀಕ್ಷೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು. ಆ ಕೆಂಪು ತಾಮ್ರವೇ. ತಾಮ್ರ ಅಲಗಿನ ಮೇಲೆ ಕೂರುವಾಗ ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ. ಪರೀಕ್ಷೆಯ ಭರದಲ್ಲಿ ಕೀಲಿನವರೆಗೆ ಅದ್ದಿ, ಅಂಗಿಗೆ ಒರೆಸಿ ಜೇಬಿಗೆ ಹಾಕಿದ ಚಾಕು ವಾರದೊಳಗೆ ಬಿಗಿದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅಂಟಿಗೆಂದು ರಾಳ ಸೇರಿಸಿದ್ದರಂತೂ ಕೇಳುವುದೇ ಬೇಡ. ಸ್ಟೇನ್‌ಲೆಸ್ ಅಲಗಾದರೆ ತಾಮ್ರ ಸರಿಯಾಗಿ ಕೂರದೆ ಪರೀಕ್ಷೆಯೇ ಸುಳ್ಳಾಗಬಹುದು. ಈ ಕೆಲಸಕ್ಕೆ ಉಜ್ಜಿ ಬೆಳಗಿದ ಒಂದು ಹಳೆಯ ಕಬ್ಬಿಣದ ಮೊಳೆಯನ್ನೋ ಸವೆದ ಕತ್ತಿಯನ್ನೋ ಡ್ರಮ್ಮಿಗೆ ಕಟ್ಟಿಡುವುದು ಒಳ್ಳೆಯದು.

ಇಷ್ಟೆಲ್ಲ ಉಪಚಾರ ಒಂದು ಚಾಕುವಿಗೆ ಬೇಕೇ, ಪೇಪರ್ ಕತ್ತರಿಸುವ ಬ್ಲೇಡು ಅಗ್ಗದಲ್ಲಿ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಮೆಣಸಿನ ಕಸಿ ಕಟ್ಟುವವರಿಗೆ ಆ ಬ್ಲೇಡೇ ಅನುಕೂಲ ಎಂಬುದನ್ನು ನಾನು ಒಪ್ಪುತ್ತೇನೆ. (ಕಾಫಿ ಸೀಮೆಯವರು ಗಿಡ ಸವರುವುದನ್ನೇ ಕಸಿ ಎನ್ನುವುದರಿಂದ ಹೇಳುತ್ತಿದ್ದೇನೆ, ಇದು ಕೊಂಬೆಗೆ ಕೊಂಬೆ ಬೆಸೆಯುವ ಕಸಿ.) ಆದರೆ ಹಗ್ಗ ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು, ಕಾಂಡಕೊರಕದ ಅನುಮಾನ ಬಂದಲ್ಲಿ ತೊಗಟೆ ಕೆರೆದು ನೋಡಲು ಅದು ಸಾಲದು. ಒತ್ತಿದರೆ ತುಂಡಾಗುತ್ತದೆ. ಬಿದ್ದ ತುಂಡು ತರಗೆಲೆಯ ಅಡಿಯಲ್ಲಿ ಬರಿಗಾಲಿಗೆ ಕಾದು ಕೂತಿರುತ್ತದೆ. ಸಗಣಿ ಗೊಬ್ಬರ ಹಾಕಿದ ಮಣ್ಣಿನಲ್ಲಿ ಆದ ಆಳದ ಗಾಯಕ್ಕೆ ಧನುರ್ವಾಯುವಿನ ಭಯ ಇದ್ದೇ ಇದೆ.

ಸಮಯ ಎಲ್ಲಿದೆ ಎಂಬ ಪ್ರಶ್ನೆಯೂ ಬರುತ್ತದೆ. ಮೂರು ನಾಲ್ಕು ಚಾಕುಗಳಿಗೆ ದಿನಕ್ಕೆ ಒಂದಿಷ್ಟು ಹೊತ್ತಿನಂತೆ ಒಂದು ವಾರ. ಇದು ಯಜಮಾನನ ಕೆಲಸ. ಕೆಲಸದವರಿಗೆ ಹೇಳುವುದಾದರೆ ಅದನ್ನು ಕೂಲಿಯ ಹೊತ್ತಿನಲ್ಲಿಯೇ ಮಾಡಿಸಬೇಕು. ಈಗ ನಮ್ಮ ತೋಟಗಳಲ್ಲಿ ಅಸ್ಸಾಮಿನಂಥ ದೂರದ ಸೀಮೆಯಿಂದ ಬಂದವರೂ ಕೆಲಸ ಮಾಡುತ್ತಿದ್ದಾರೆ. "ಚಾಕು ಬಿಗಿ" ಎಂದು ನಮ್ಮ ಭಾಷೆಯಲ್ಲಿ ದೂರು ಹೇಳಲೂ ಅವರಿಗೆ ಬಾರದಿರಬಹುದು. ಅವರು ದೂರು ಹೇಳಲಿಲ್ಲ ಎಂಬ ಕಾರಣಕ್ಕೆ ಚಾಕು ಸರಿಯಿದೆ ಎಂದು ನಾವು ತಿಳಿಯಬಾರದು.

ಸಂಘದ ಆಡಳಿತ ಮಂಡಳಿಯವರಲ್ಲಿ ಕೆಲವು ಬಿನ್ನಹಗಳಿವೆ. ಮಳಿಗೆಯಲ್ಲಿ ಪ್ರತಿ ಬಗೆಯ ಒಂದು ಚಾಕುವನ್ನು ಪೊಟ್ಟಣದಿಂದ ಹೊರತೆಗೆದು ದಾರ ಕಟ್ಟಿ ಇಡಲಿ, ಕೊಳ್ಳುವವರು ಬಿಚ್ಚಿ ಮಡಚಿ ನೋಡಲಿ. ಹತ್ತು ಬಗೆ ತರಿಸುವ ಬದಲು ಎರಡು ಬಗೆ ತರಿಸಿದರೆ ಅವುಗಳ ಸ್ಕ್ರೂ ಕೀಲಿಗಳನ್ನು ಮಳಿಗೆಯಲ್ಲಿಯೇ ಇಟ್ಟು ಸದಸ್ಯರಿಗೆ ಬಳಸಲು ಕೊಡಬಹುದು. ಪಕ್ಕದಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಸಣ್ಣ ಸೀಸೆಗಳೂ ಇರಲಿ. ಮೇ ತಿಂಗಳಲ್ಲಿ ಒಂದು ದಿನ ಕುಲುಮೆಯ ಆಚಾರಿಯೊಬ್ಬರನ್ನು ಗೋದಾಮಿನ ಜಗಲಿಗೆ ಕರೆಸಿ, ಅವರ ಕೂಲಿಯನ್ನು ಸಂಘವೇ ಕೊಟ್ಟು, ಸದಸ್ಯರ ಹಳೆಯ ಚಾಕುಗಳ ಕೀಲು ಬಿಗಿ ಮಾಡಿಸಿ ಸಾಣೆ ಹಿಡಿಸಿದರೆ ಖರ್ಚು ಹೆಚ್ಚೇನೂ ಆಗದು. ರಿವೆಟ್ ಕೆಲಸ ಬಲ್ಲ ಆಚಾರಿಗಳು ಊರೂರಲ್ಲಿ ಕಡಿಮೆಯಾಗುತ್ತಿರುವಾಗ ಅವರಿಗೂ ಒಂದು ದಿನದ ದುಡಿಮೆಯಾದೀತು.

ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇಡುವಂತೆ ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ಒಪ್ಪುವವರೂ ಒಪ್ಪದವರೂ ಆ ದಿನ ತಮ್ಮ ತೋಟದ ಕೆಲಸದವರು ಬಳಸುವ ಚಾಕುವನ್ನು ಕಿಸೆಯಲ್ಲಿಟ್ಟುಕೊಂಡು ಬರಬೇಕಾಗಿ ವಿನಂತಿ. ತಮ್ಮದಲ್ಲ, ಅವರದನ್ನು.